ಸೇಡಂ ರಸ್ತೆಯ ಬಾಡಿಗೆ ಚಿತ್ರಕೋಣೆಯಲ್ಲಿ ಎರಡು ಸಲ ನೋಡಿದ ಒಂದು ಸಾವು

ಕಲಬುರಗಿಯ ಸೇಡಂ ರಸ್ತೆಯ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಮೂರು ಕೋಣೆಗಳನ್ನು ಕಿರು ಚಿತ್ರಮಂದಿರಗಳನ್ನಾಗಿ ಮಾಡಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹುಟ್ಟುಹಬ್ಬದ ಕೇಕ್ ಕತ್ತರಿಸಲು ಬರುತ್ತಾರೆ. ನಾನು ಮೇ ತಿಂಗಳ ಒಂದು ಭಾನುವಾರ ಅಣ್ಣನ ಮಗನನ್ನೂ ಒಂಬತ್ತನೆಯ ತರಗತಿಯ ಅವನ ಮೂವರು ಗೆಳೆಯರನ್ನೂ ಕರೆದುಕೊಂಡು, 2005ರಲ್ಲಿ ತೆರೆಕಂಡ ‘ಬ್ಯಾಟ್‌ಮನ್ ಬಿಗಿನ್ಸ್’ ಚಿತ್ರವನ್ನು ನೋಡಲು ಹೋಗಿದ್ದೆ. ಆರು ಜನರವರೆಗೆ ಮೂರು ಗಂಟೆಗೆ 1,200 ರೂಪಾಯಿ. ಮನೆಯ ಟಿವಿಯಲ್ಲಿ ನೋಡಬಹುದಾದ ಚಿತ್ರಕ್ಕೆ ಇಷ್ಟು ಹಣ ಏಕೆ ಎಂದು ಕೇಳುವವರಿಗೆ ಉತ್ತರ ಕೊಡಬೇಕಾದರೆ ಚಿತ್ರದ ಕೊನೆಯನ್ನು ಹೇಳಲೇಬೇಕಾಗುತ್ತದೆ. ಅದನ್ನು ಇನ್ನೂ ನೋಡದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಕೋಣೆ ಚಿಕ್ಕದಾದರೂ ಚೊಕ್ಕವಾಗಿದೆ. ಹೊರಗೆ ಬಿಸಿಲು ಸುಡುತ್ತಿದ್ದ ಮಧ್ಯಾಹ್ನದಲ್ಲಿಯೂ ಒಳಗೆ ತಂಪಿತ್ತು, ಕತ್ತಲೆಯ ದೃಶ್ಯಗಳು ಕೂಡ ಪರದೆಯ ಮೇಲೆ ಸ್ಪಷ್ಟವಾಗಿ ಮೂಡುತ್ತಿದ್ದವು. ಬಹುಭಾಗ ಇರುಳಿನಲ್ಲೇ ನಡೆಯುವ ಈ ಚಿತ್ರದ ಮಟ್ಟಿಗೆ ಅದು ಸಣ್ಣ ಗುಣವಲ್ಲ. ಧ್ವನಿವ್ಯವಸ್ಥೆಯಲ್ಲಿ ಸಂಗೀತ ಮುಂದೆ ಬಂದು ಮಾತು ಹಿಂದೆ ಉಳಿಯುವುದರಿಂದ ಅಡಿಬರಹ ಹಾಕಿಸಿಕೊಳ್ಳುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ರಿಮೋಟನ್ನು ನಮ್ಮ ಕೈಗೇ ಕೊಡುತ್ತಾರೆ. ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೊಮ್ಮೆ ನೋಡಬಹುದು. ನಾವು ಕೊಟ್ಟ ಹಣ ಸಾರ್ಥಕವಾದದ್ದು ಈ ಒಂದು ಅನುಕೂಲದಿಂದ.

ಕಥೆಯಲ್ಲಿ, ಮುಂದೆ ಮುಖವಾಡ ತೊಟ್ಟು ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್ ಹಿಮದ ಬೆಟ್ಟಗಳ ನಡುವಿನ ಒಂದು ಗುಪ್ತ ತಾಣದಲ್ಲಿ ವಿದ್ಯೆ ಕಲಿಯುತ್ತಾನೆ. ಕಲಿಕೆಯ ಕೊನೆಯ ಪರೀಕ್ಷೆಯಾಗಿ ಒಬ್ಬ ಕೊಲೆಗಾರನ ತಲೆ ತೆಗೆಯಬೇಕೆಂದಾಗ ಒಪ್ಪದೆ, ತಾನು ಮರಣದಂಡನೆ ಜಾರಿಮಾಡುವವನಲ್ಲ ಎನ್ನುತ್ತಾನೆ. ಆ ತಾಣಕ್ಕೆ ಬೆಂಕಿ ಬಿದ್ದು ಕುಸಿದಾಗ, ಪ್ರಜ್ಞೆತಪ್ಪಿ ಹಿಮದ ಇಳಿಜಾರಿನಲ್ಲಿ ಜಾರುತ್ತಿದ್ದ ತನ್ನ ಗುರುವನ್ನು ಪ್ರಾಣವನ್ನೇ ಒತ್ತೆಯಿಟ್ಟು ಉಳಿಸುತ್ತಾನೆ. ಅದೇ ಗುರು ಮುಂದೆ ರಾಸ್ ಅಲ್ ಗುಲ್ ಎಂಬ ನಿಜನಾಮದಲ್ಲಿ ಖಳನಾಗಿ ಬ್ರೂಸ್‌ನ ಊರಾದ ಗೋಥಮ್ ನಗರಕ್ಕೆ ಬರುತ್ತಾನೆ. ಕೊಳವೆಗಳ ನೀರನ್ನು ಆವಿಯಾಗಿಸಿ ಅದರಲ್ಲಿ ಬೆರೆತ ವಿಷವನ್ನು ಊರಿಗೆಲ್ಲ ಹಬ್ಬಿಸುವ ಯಂತ್ರವನ್ನು ಎತ್ತರದ ಹಳಿಯ ರೈಲಿನಲ್ಲಿ ಒಯ್ಯುತ್ತಿರುವ ಅವನನ್ನು ಬ್ಯಾಟ್‌ಮನ್ ರೈಲಿನೊಳಗೇ ಸೋಲಿಸಿ ಕೆಡವುತ್ತಾನೆ. ಬಿದ್ದವನಿಗೆ, ನಾನು ನಿನ್ನನ್ನು ಕೊಲ್ಲುವುದಿಲ್ಲ, ಆದರೆ ಉಳಿಸಬೇಕಾದ ಹೊಣೆಯೂ ನನಗಿಲ್ಲ ಎಂಬರ್ಥದ ಮಾತು ಹೇಳಿ ಹೊರಗೆ ಹಾರಿಬಿಡುತ್ತಾನೆ. ಹಳಿ ಮುರಿದು ರೈಲು ಕೆಳಗೆ ಬೀಳುತ್ತದೆ.

ಹುಡುಗರು ಚಪ್ಪಾಳೆ ತಟ್ಟಿದರು. ಅಲ್ಲಿಯವರೆಗೆ ಒಂದು ಮಾತೂ ಆಡದೆ ಕುಳಿತಿದ್ದ ಒಬ್ಬ ಮಾತ್ರ ನನ್ನ ಕಡೆ ತಿರುಗಿ, “ಕಾಕಾ, ಹಳಿ ಮುರಿಸಿದಾಂವ ಇವನೇ ಅಲ್ಲೇನ್ರಿ?” ಎಂದು ಕೇಳಿದ.

ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಹೋದೆವು. ಹುಡುಗನ ಮಾತು ನಿಜವಾಗಿತ್ತು. ರೈಲನ್ನು ಬೆನ್ನಟ್ಟುವ ಮೊದಲೇ ಬ್ಯಾಟ್‌ಮನ್ ತನ್ನ ವಾಹನವನ್ನು ಪೊಲೀಸ್ ಅಧಿಕಾರಿ ಗೋರ್ಡನ್‌ಗೆ ಒಪ್ಪಿಸಿರುತ್ತಾನೆ, ಗೋರ್ಡನ್ ಅದರ ಕ್ಷಿಪಣಿಗಳಿಂದ ಹಳಿಯ ಕಂಬಗಳನ್ನು ಉರುಳಿಸುತ್ತಾನೆ. ಮುಂದೆ ಹಳಿಯಿಲ್ಲ ಎಂಬುದು ರೈಲಿನೊಳಗಿದ್ದ ಇಬ್ಬರಲ್ಲಿ ಬ್ಯಾಟ್‌ಮನ್‌ಗೆ ಮಾತ್ರ ಗೊತ್ತಿತ್ತು. ಬಾವಿಗೆ ಬಿದ್ದವನನ್ನು ಎತ್ತದೆ ಹೋಗುವುದು ಒಂದು. ಬಾವಿಯ ಮೆಟ್ಟಿಲು ಕಿತ್ತು, ಅವನನ್ನು ಒಳಗೆ ಕೆಡವಿ, ನಾನು ಎತ್ತಲಿಲ್ಲ ಅಷ್ಟೇ ಎನ್ನುವುದು ಬೇರೆಯೇ. ಮೊದಲ ಸಲ ನೋಡುವಾಗ ರೈಲಿನ ವೇಗದಲ್ಲಿ ಈ ಎರಡೂ ಒಂದೇ ಆಗಿ ಕಾಣುತ್ತವೆ.

ಇಪ್ಪತ್ತು ವರ್ಷಗಳಿಂದ ಇಲ್ಲಿನ ನ್ಯಾಯಾಲಯಗಳಲ್ಲಿ ವಕೀಲಿ ಮಾಡುತ್ತಿರುವ ನನಗೆ ಈ ವ್ಯತ್ಯಾಸ ದಿನನಿತ್ಯದ್ದು. ರಸ್ತೆಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡೂ ಮುಂದೆ ಹೋದ ದಾರಿಹೋಕನನ್ನು ನಮ್ಮ ಕಾನೂನು ಶಿಕ್ಷಿಸುವುದಿಲ್ಲ. ಅವನು ನಿಂತು ನೆರವಾದರೆ ತೊಂದರೆಯಾಗದಂತೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ರಕ್ಷಣೆ ಕೊಟ್ಟಿದೆ, ಅಷ್ಟೇ. ಆದರೆ ಗುದ್ದಿದ ವಾಹನದ ಚಾಲಕನ ವಿಷಯ ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 134ನೆಯ ಕಲಂ ಪ್ರಕಾರ, ಜನರ ರೋಷದಂಥ ತನ್ನ ಕೈಮೀರಿದ ಕಾರಣವಿಲ್ಲದಿದ್ದರೆ, ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಅವನ ಕರ್ತವ್ಯ. ಅಪಾಯವನ್ನು ತಂದವನಿಗೆ ಉಳಿಸುವ ಹೊಣೆಯೂ ಬರುತ್ತದೆ. ಹಳೆಯ ಭಾರತೀಯ ದಂಡ ಸಂಹಿತೆಯ 36ನೆಯ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅರ್ಧ ಹೊಡೆದೂ ಅರ್ಧ ಕಾನೂನುಬಾಹಿರವಾಗಿ ಅನ್ನ ಕೊಡದೆಯೂ ಒಬ್ಬನನ್ನು ಬೇಕೆಂದೇ ಸಾಯಿಸಿದವನು ಕೊಲೆಯನ್ನೇ ಮಾಡಿದ್ದಾನೆ ಎಂಬ ಉದಾಹರಣೆಯನ್ನು ಕೊಡುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ.

ಇದು ಬ್ರಿಟಿಷರು ತಂದ ವಿಚಾರವೂ ಅಲ್ಲ. ನಮ್ಮ ಜಿಲ್ಲೆಯ ಮರತೂರಿನೊಂದಿಗೆ ಹೆಸರು ಬೆಸೆದುಕೊಂಡಿರುವ ವಿಜ್ಞಾನೇಶ್ವರರು, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಾದ ‘ಮಿತಾಕ್ಷರ’ವನ್ನು ಆಸ್ತಿ ಪಾಲಿನ ವ್ಯಾಜ್ಯಗಳಿಗಷ್ಟೇ ನೆನೆಯುವುದು ರೂಢಿಯಾಗಿದೆ. ಅದರ ಪ್ರಾಯಶ್ಚಿತ್ತದ ಭಾಗದಲ್ಲಿ ಕೊಂದವನು ಯಾರು ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಕೈಯಾರೆ ಕೊಂದವನ ಜೊತೆಗೆ ಕೊಲ್ಲಲು ತೊಡಗಿಸಿದವನನ್ನು, ಅನುಮತಿಸಿದವನನ್ನು, ಓಡುವವನನ್ನು ತಡೆದು ಕೊಲ್ಲುವವನಿಗೆ ನೆರವಾದವನನ್ನು, ನಿಮಿತ್ತನಾದವನನ್ನು ಕೂಡ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಮಾತನ್ನು ಹುಡುಗರಿಗೆ ಹೇಳಿದಾಗ, ಬ್ಯಾಟ್‌ಮನ್ ಇವುಗಳಲ್ಲಿ ಎಷ್ಟು ಮನೆ ತುಂಬುತ್ತಾನೆಂದು ಅವರೇ ಬೆರಳು ಮಡಿಸಿ ಎಣಿಸತೊಡಗಿದರು.

ಅಣ್ಣನ ಮಗ ಸುಲಭವಾಗಿ ಒಪ್ಪಲಿಲ್ಲ. “ಒಮ್ಮೆ ಉಳಿಸ್ಯಾನಲ್ರಿ ಕಾಕಾ, ಅದಕ್ಕ ಆ ಗುರು ಬಂದು ಇವನ ಮನೀಗೇ ಬೆಂಕಿ ಹಚ್ಚಿದ” ಎಂದ. ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಿಮದ ಇಳಿಜಾರಿನಲ್ಲಿ ತೋರಿದ ಕರುಣೆಯ ಬೆಲೆಯನ್ನು ಒಂದು ಊರೇ ತೆರಬೇಕಾಗಿ ಬಂದದ್ದು ನಿಜ. ಯಂತ್ರ ಗುರಿ ಮುಟ್ಟುವ ಮೊದಲು ರೈಲನ್ನು ಕೆಡವಲೇಬೇಕಾಗಿತ್ತು ಎಂಬುದನ್ನೂ ಒಪ್ಪುತ್ತೇನೆ; ಇತರರ ಪ್ರಾಣ ಉಳಿಸಲು ಬೇರೆ ದಾರಿಯಿಲ್ಲದಾಗ ಕೊಂದವನನ್ನು ಕಾನೂನು ಕೂಡ ಅಪರಾಧಿಯೆನ್ನುವುದಿಲ್ಲ. ಹಾಗಿದ್ದರೆ, ಊರನ್ನು ಉಳಿಸಲು ನಿನ್ನನ್ನು ಕೊಲ್ಲುತ್ತಿದ್ದೇನೆ ಎಂದು ಹೇಳುವ ಧೈರ್ಯ ನಾಯಕನಿಗೆ ಇರಬೇಕಾಗಿತ್ತು. ಅಥವಾ ಎತ್ತಿಕೊಂಡು ಹಾರಲು ಯತ್ನಿಸಿ ಸೋಲಬೇಕಾಗಿತ್ತು. ಅವನು ಎರಡನ್ನೂ ಮಾಡದೆ, ಕೊಲ್ಲುವುದಿಲ್ಲವೆಂಬ ತನ್ನ ವ್ರತದ ಅಕ್ಷರವನ್ನು ಉಳಿಸಿಕೊಂಡು ಜೀವವನ್ನು ಬಿಟ್ಟುಬಿಡುತ್ತಾನೆ. ಹಿರಣ್ಯಕಶಿಪುವಿನ ವರದ ಒಂದೊಂದು ಮಾತಿಗೂ ಸಂದು ಹುಡುಕಿದ ನರಸಿಂಹ ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ, ಉಗುರಿನಿಂದ ಸೀಳಿದ ಮೇಲೆ ನಾನು ಕೊಲ್ಲಲಿಲ್ಲ ಎನ್ನಲಿಲ್ಲ. ಅಲ್ಲಿ ಸಂದು ಹುಡುಕಿದ್ದು ರಕ್ಕಸನ ವರದಲ್ಲಿ. ಇಲ್ಲಿ ನಾಯಕ ತನ್ನ ಮಾತಿನಲ್ಲೇ ಸಂದು ಹುಡುಕುತ್ತಾನೆ.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಈ ಕೊನೆಯ ಸಂಗತಿ. ಪೊಲೀಸನ ಮೇಲೆ ಮೇಲಧಿಕಾರಿಯಿದ್ದಾನೆ, ನ್ಯಾಯಾಧೀಶರ ತೀರ್ಪಿನ ಮೇಲೆ ಮೇಲ್ಮನವಿಯಿದೆ. ಮುಖವಾಡ ತೊಟ್ಟು ರಾತ್ರಿ ಹೊರಡುವವನನ್ನು ಕೇಳುವವರು ಯಾರೂ ಇಲ್ಲ. ಅವನಿಗೂ ಅವನು ಹೊಡೆಯುವ ಪುಂಡರಿಗೂ ನಡುವೆ ಇರುವ ಗೆರೆ ಅವನೇ ಹಾಕಿಕೊಂಡ ಒಂದು ಮಾತು ಮಾತ್ರ. 1939ರಲ್ಲಿ ಬಂದ ಬ್ಯಾಟ್‌ಮನ್‌ನ ಮೊದಲ ಕಾಮಿಕ್ ಕಥೆಯಲ್ಲಿ ಖಳನೊಬ್ಬ ಅವನ ಹೊಡೆತಕ್ಕೆ ಆಮ್ಲದ ತೊಟ್ಟಿಗೆ ಬಿದ್ದು ಸತ್ತಾಗ, ಇಂಥವರಿಗೆ ತಕ್ಕ ಅಂತ್ಯ ಎಂದು ಬ್ಯಾಟ್‌ಮನ್ ಹೇಳುತ್ತಾನೆ. ಆಗ ಆ ಗೆರೆ ಇನ್ನೂ ಇರಲಿಲ್ಲ, ಆದ್ದರಿಂದ ಅಲ್ಲಿ ವಂಚನೆಯೂ ಇಲ್ಲ. ಗೆರೆ ಎಳೆದ ಮೇಲೆ ಅದನ್ನು ಇಷ್ಟು ಜಾಣತನದಿಂದ ದಾಟುವುದನ್ನು ಮಕ್ಕಳ ಮುಂದೆ ಗೆಲುವೆಂದು ತೋರಿಸಿದ್ದು ಈ ಒಳ್ಳೆಯ ಚಿತ್ರದ ದೊಡ್ಡ ದೋಷ.

ಸೇವೆಯ ದೋಷವನ್ನೂ ಹೇಳಬೇಕು. ಚಿತ್ರ 140 ನಿಮಿಷದ್ದು; ಉಳಿದ ನಲವತ್ತು ನಿಮಿಷ ನಮ್ಮದೇ ಎಂದುಕೊಂಡಿದ್ದೆ. ಆದರೆ ಹೆಸರುಗಳು ಓಡತೊಡಗಿದ ಕೂಡಲೇ ಸಿಬ್ಬಂದಿ ಬಂದು ದೀಪ ಹಾಕಿ, ಮುಂದಿನವರು ಕಾಯುತ್ತಿದ್ದಾರೆಂದು ಎರಡು ಸಲ ನೆನಪಿಸಿದರು. ಹಣ ಕೊಟ್ಟ ಸಮಯವದು ಎಂದು ರಸೀದಿ ತೋರಿಸಿದ ಮೇಲೆ ಹಿಂದೆ ಸರಿದರು. ಪಾಪ್‌ಕಾರ್ನ್ ಮೆತ್ತಗಾಗಿತ್ತು, ಅದಕ್ಕೆ ಕೊಡುವ ಹಣದಲ್ಲಿ ಕೆಳಗಿನ ಬಂಡಿಯಲ್ಲಿ ಐವರಿಗೂ ಸುಸಲಾ, ಮಿರ್ಚಿ ಭಜಿ ಆಗುತ್ತದೆ. ನಾವು ಅಲ್ಲಿ ನಿಂತು ತಿನ್ನುತ್ತ ಮಾತು ಮುಂದುವರಿಸಿದೆವು.

2008ರ ಮುಂದಿನ ಚಿತ್ರದಲ್ಲಿ ಇದೇ ಬ್ಯಾಟ್‌ಮನ್ ಕಟ್ಟಡದಿಂದ ಬೀಳುತ್ತಿರುವ ಖಳ ಜೋಕರ್‌ನನ್ನು ಹಗ್ಗ ಎಸೆದು ಹಿಡಿದು ಮೇಲಕ್ಕೆಳೆಯುತ್ತಾನೆ. ಹುಡುಗರು ಅದನ್ನು ಇನ್ನೂ ನೋಡಿಲ್ಲ. ಜೂನ್ ಎರಡನೆಯ ಭಾನುವಾರಕ್ಕೆ ಅದೇ ಕೋಣೆಯನ್ನು, ಈ ಸಲ ನಾಲ್ಕು ಗಂಟೆಗೆ, ಕಾಯ್ದಿರಿಸಿದ್ದೇನೆ.