ಸನ್ನತಿಯೋ, ಬೀದರ್ ಕೋಟೆಯೋ?

ಕಲಬುರಗಿಯಿಂದ ಒಂದೇ ದಿನದ ಪ್ರವಾಸ ಅಂದ್ರೆ ನನ್ನ ಓಟು ಸನ್ನತಿಗೆ. ಭೀಮಾ ದಂಡೆಯ ಊರು. 1986ರಲ್ಲಿ ಇಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನ ಸಿಕ್ಕಿತು. ಆ ಕಲ್ಲನ್ನು ದೇವಿಯ ಪೀಠವಾಗಿ ಬಳಸಿದ್ದರು! ಪಕ್ಕದ ಕನಗನಹಳ್ಳಿಯಲ್ಲಿ ದೊಡ್ಡ ಬೌದ್ಧ ಸ್ತೂಪ ಇದೆ. ಅಲ್ಲೇ ರಾಣಿಯರೊಂದಿಗೆ ನಿಂತ ಅಶೋಕನ ಶಿಲ್ಪವೂ ಸಿಕ್ಕಿದ್ದು, ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರಿದೆ. ಊಟ, ನೀರು ಮಾತ್ರ ಕಟ್ಟಿಕೊಂಡೇ ಹೋಗಿ. ಊರ ದೇವಿ ಚಂದ್ರಲಾಂಬೆಗೂ ಕೈ ಮುಗಿದು ಬನ್ನಿ.

ಬೀದರ್ ದೂರ ಜಾಸ್ತಿ, ಆದ್ರೆ ರೈಲಿದೆ. ಕೋಟೆಯೊಳಗೆ ಹಳೆಯ ಸ್ನಾನಗೃಹವೇ ಈಗ ಮ್ಯೂಸಿಯಂ. ರಂಗೀನ್ ಮಹಲ್‌ನ ಮುತ್ತಿನ ಚಿಪ್ಪಿನ ಕೆಲಸ, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ, ಬೆಳ್ಳಿ ಕುಸುರಿಯ ಬಿದ್ರಿ ಸಾಮಾನಿನ ಅಂಗಡಿಗಳು ಎಲ್ಲವೂ ಊರಲ್ಲೇ. ಮಕ್ಕಳು, ಹಿರಿಯರು ಜೊತೆಗಿದ್ದರೆ ಸುಮ್ನೆ ಬೀದರ್‌ಗೇ ಹೋಗಿ.