ಲೈನ್‌ಅಪ್ ಅಳೆಯೋಕೆ ಫ್ಯಾನ್‌ಗ್ರಾಫ್ಸ್ ಸಾಕು

ಬೇಸ್‌ಬಾಲ್ ತಂಡದ ಬ್ಯಾಟಿಂಗ್ ಲೈನ್‌ಅಪ್ (ಬ್ಯಾಟಿಗೆ ಬರುವವರ ಸರದಿ) ಎಷ್ಟು ಗಟ್ಟಿ ಅಂತ ನೋಡಲು ನಾನು ಮೊದಲು ತೆರೆಯುವುದು ಫ್ಯಾನ್‌ಗ್ರಾಫ್ಸ್ ಅನ್ನುವ ಬೇಸ್‌ಬಾಲ್ ಅಂಕಿಅಂಶಗಳ ವೆಬ್‌ಸೈಟ್. ಸುಮ್ನೆ ಹಿಟ್‌ಗಳನ್ನಷ್ಟೇ ಎಣಿಸುವ ಆವರೇಜ್ ನಂಬಿದರೆ ಕೆಟ್ಟಿರಿ. 2024ರ ನ್ಯೂಯಾರ್ಕ್ ಯಾಂಕೀಸ್ ತಂಡದ ಹ್ವಾನ್ ಸೋಟೋ ನೋಡಿ: ಆವರೇಜ್ .288, ಆದರೆ 129 ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) ಸಿಕ್ಕಿದ್ದರಿಂದ ಆನ್‌ಬೇಸ್, ಅಂದರೆ ಔಟಾಗದೆ ಬೇಸ್ ಮುಟ್ಟಿದ ಪ್ರಮಾಣ, .419. ಆ ವರ್ಷ 58 ಹೋಮ್‌ರನ್ ಹೊಡೆದ ಆರನ್ ಜಡ್ಜ್ ಸೋಟೋ ಹಿಂದೆಯೇ ಬ್ಯಾಟಿಗೆ ಬರುತ್ತಿದ್ದರು, ಇನ್ನೇನು ಬೇಕು ಅಲ್ವಾ?

ಅಲ್ಲಿ ನನಗೆ ತುಂಬಾ ಇಷ್ಟ ಡಬ್ಲ್ಯೂಆರ್‌ಸಿ ಪ್ಲಸ್ (wRC+), ಬ್ಯಾಟರ್ ತಂಡಕ್ಕೆ ಎಷ್ಟು ರನ್ ತರುವಷ್ಟು ಆಡಿದ ಅಂತ ಅಳೆಯುವ ಅಂಕಿ. 100 ಅಂದರೆ ಲೀಗಿನ ಸರಾಸರಿ, 120 ಅಂದರೆ ಅದಕ್ಕಿಂತ 20 ಪರ್ಸೆಂಟ್ ಜಾಸ್ತಿ. ಮೈದಾನದ ಲೆಕ್ಕವೂ ಸೇರಿರುವುದರಿಂದ ಎತ್ತರದ ಊರಾದ ಡೆನ್ವರ್‌ನಲ್ಲಿ, ಚೆಂಡು ದೂರ ಹಾರುವ ತೆಳು ಗಾಳಿಯಲ್ಲಿ ಹೊಡೆದದ್ದನ್ನು ಹಾಗೇ ಒಪ್ಪುವುದಿಲ್ಲ. ಎಡಗೈ ಪಿಚರ್ ಎದುರು ಯಾರು ಸಪ್ಪೆ ಅನ್ನುವುದೂ ಬೇರೆಯಾಗಿ ಸಿಗುತ್ತದೆ. ಹೊಸಬರಿಗೆ ಅಷ್ಟೊಂದು ಕಾಲಂ ನೋಡಿ ತಲೆ ತಿರುಗುತ್ತದೆ, ನಿಜ. ಅಲ್ಲೇ ಇರುವ ಗ್ಲಾಸರಿ ಓದಿಕೊಳ್ಳಿ, ಚೆನ್ನಾಗಿ ಬಿಡಿಸಿ ಹೇಳಿದ್ದಾರೆ.