ಟೆಲಿ ಮಾನಸ್ 14416: ಖಿನ್ನತೆ ಮರಳಿದಾಗ ಸಿಕ್ಕ ನೆರವು

ಅಕ್ಕ ಖಿನ್ನತೆಯಿಂದ ಹುಷಾರಾದಳು ಅಂತ ಮನೆಯವರೆಲ್ಲ ನಿರಾಳವಾಗಿದ್ದೆವು. ಅವಳು ಮಾತ್ರೆ ಬಿಟ್ಟಳು. ಕೆಲವು ತಿಂಗಳಲ್ಲಿ ನಿದ್ದೆ ಕೆಟ್ಟಿತು, ಊಟ ಬೇಡವಾಯಿತು. ಆಗ ಕರೆ ಮಾಡಿದ್ದು 14416ಕ್ಕೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದು, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ಸುಮ್ನೆ ಬುದ್ಧಿವಾದ ಹೇಳಲಿಲ್ಲ, ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ. ಸಾಯುವ ಮಾತು ಆಡಿದ್ದಾಳಾ ಅಂತ ನೇರವಾಗಿ ಕೇಳಿದರು, ಚೆನ್ನಾಗಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮಾತ್ರೆ ಮುಂದುವರಿಸಬೇಕು, ಬಿಡುವುದಾದರೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಬಿಡಬೇಕು ಅಂತ ತಿಳಿಸಿ, ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಲು ಹೇಳಿದರು. ಫೋನ್ ಮಾತು ಚಿಕಿತ್ಸೆಗೆ ಬದಲಿ ಅಲ್ಲ, ನಿಜ. ಆದರೆ ಖಿನ್ನತೆ ಮರುಕಳಿಸುವುದು ತುಂಬಾ ಸಾಮಾನ್ಯ ಅಲ್ವಾ, ಹಾಗಾಗಿ ಮನೆಯವರೂ ಈ ನಂಬರ್ ಇಟ್ಟುಕೊಳ್ಳಿ, ಕಾಯಿಲೆಯವರೇ ಕರೆ ಮಾಡಬೇಕು ಅಂತೇನಿಲ್ಲ.